ಹಿಡಿದ ಮೀನಿನ ಲೆಕ್ಕ, ಎಸೆದ ಮೀನಿನ ಲೆಕ್ಕ

ಮೀನು ಹಿಡಿಯುವ ಬೋಟಿನ ಮೇಲೆ ಕ್ಯಾಮೆರಾ ಎಂದ ಕೂಡಲೇ ಅದು ಸರಕಾರದವರ ಕೆಲಸ, ಮೀನುಗಾರರ ಮೇಲಿನ ಅಪನಂಬಿಕೆಯ ಫಲ ಎಂದು ಯಾರಿಗಾದರೂ ತೋರುತ್ತದೆ. ಆದರೆ ಈ ಏರ್ಪಾಟನ್ನು ಮೊದಮೊದಲು ಬೇಕು ಎಂದು ಕೇಳಿ ತರಿಸಿಕೊಂಡವರಲ್ಲಿ ಮೀನುಗಾರರೇ ಇದ್ದರು. ಕಾರಣ, ಕಳ್ಳತನ.

ಕೆನಡಾ ದೇಶದ ಪಶ್ಚಿಮ ತೀರದಲ್ಲಿ ಬ್ರಿಟಿಷ್ ಕೊಲಂಬಿಯಾ ಎಂಬ ಪ್ರಾಂತವಿದೆ. ಅದರ ಉತ್ತರ ಭಾಗದಲ್ಲಿ, ಹೈಡಾ ಗ್ವಾಯಿ ದ್ವೀಪಗಳಿಗೂ ಮುಖ್ಯ ಭೂಭಾಗಕ್ಕೂ ನಡುವೆ ಹೆಕೇಟ್ ಜಲಸಂಧಿ. ಅಲ್ಲಿ ಡಂಜನೆಸ್ ಎಂಬ ಏಡಿ ಹೇರಳ, ಅದಕ್ಕೆ ಬೆಲೆಯೂ ಚೆನ್ನಾಗಿದೆ. ಏಡಿ ಹಿಡಿಯುವುದು ಬೋನಿನಿಂದ. ಬೋನಿಗೆ ಹಗ್ಗ, ಹಗ್ಗದ ತುದಿಗೆ ನೀರ ಮೇಲೆ ತೇಲುವ ಗುರುತಿನ ಬುರುಡೆ. ಬೋನನ್ನು ಕಡಲ ತಳಕ್ಕೆ ಇಳಿಸಿ, ಕೆಲವು ದಿನ ಬಿಟ್ಟು ಬಂದು ಎತ್ತುತ್ತಾರೆ. ಆ ನಡುವೆ ಬೇರೊಬ್ಬ ಬಂದು ಹಗ್ಗ ಎಳೆದು, ಏಡಿಗಳನ್ನು ಬುಟ್ಟಿಗೆ ಸುರಿದುಕೊಂಡು, ಖಾಲಿ ಬೋನನ್ನು ಮತ್ತೆ ಇಳಿಸಿ ಹೋದರೆ? ಕಡಲಲ್ಲಿ ಸಾಕ್ಷಿ ಹೇಳುವವರು ಯಾರು? ಎಲ್ಲರಿಗೂ ಎಲ್ಲರ ಮೇಲೂ ಗುಮಾನಿ. ಒಬ್ಬನಿಗೆ ಎಷ್ಟು ಬೋನು ಎಂಬ ಮಿತಿ ಇತ್ತು, ಅದನ್ನು ಯಾರು ಪಾಲಿಸುತ್ತಿದ್ದಾರೆ ಎಂಬುದೂ ಗೊತ್ತಾಗುತ್ತಿರಲಿಲ್ಲ.

1999ರ ಹೊತ್ತಿಗೆ ಆ ಏಡಿ ಮೀನುಗಾರರು ವಿಕ್ಟೋರಿಯಾ ನಗರದ ಆರ್ಕಿಪೆಲಾಗೋ ಎಂಬ ಸಂಸ್ಥೆಯ ಜತೆ ಸೇರಿ ಒಂದು ಉಪಾಯ ಕಂಡುಕೊಂಡರು. ಪ್ರತಿ ಬುರುಡೆಯೊಳಗೆ ಒಂದು ಚಿಪ್. ಪ್ರತಿ ಬೋಟಿನಲ್ಲಿ ಆ ಚಿಪ್ಪನ್ನು ಓದುವ ಯಂತ್ರ, ಜಿಪಿಎಸ್, ಹಗ್ಗ ಎಳೆಯುವ ರಾಟೆಯ ಹೈಡ್ರಾಲಿಕ್ ಒತ್ತಡ ಅಳೆಯುವ ಸೆನ್ಸರ್, ಜತೆಗೆ ಒಂದು ಕ್ಯಾಮೆರಾ. ರಾಟೆ ತಿರುಗಿತು ಎಂದರೆ ಬೋನು ಮೇಲೆ ಬರುತ್ತಿದೆ. ಬಂದ ಬೋನು ಯಾರದು ಎಂಬುದನ್ನು ಚಿಪ್ ಹೇಳುತ್ತದೆ. ಚಿಪ್ ಓದಿಸದೆ ಎತ್ತಿದರೆ ಕ್ಯಾಮೆರಾ ನೋಡಿರುತ್ತದೆ. ಅಷ್ಟು ವರ್ಷದ ಜಗಳಕ್ಕೆ ಈ ಸಾಮಾನುಗಳು ಮದ್ದಾದವು. ಕಳ್ಳನನ್ನು ಹಿಡಿಯಲು ಪೊಲೀಸರ ದೋಣಿಯೇ ಬೇಕಾಗಲಿಲ್ಲ.

ಇಷ್ಟೇ ಆಗಿದ್ದರೆ ಇದೊಂದು ಊರ ಕಥೆಯಾಗಿ ಮುಗಿಯುತ್ತಿತ್ತು. ಅದೇ ಪ್ರಾಂತದಲ್ಲಿ ಅದೇ ಸಾಮಾನನ್ನು ಇನ್ನೊಂದು, ಹೆಚ್ಚು ಕಷ್ಟದ ಕೆಲಸಕ್ಕೆ ಹಚ್ಚಿದರು. ಇವತ್ತು ನಾನು ಮುಖ್ಯವಾಗಿ ಮಾತಾಡಬೇಕೆಂದಿರುವುದು ಅದರ ಬಗ್ಗೆ.

ಬಂದರಿನ ಧಕ್ಕೆಗೆ ಇಳಿಯುವ ಮೀನನ್ನು ಎಣಿಸಬಹುದು, ತೂಗಬಹುದು. ಕಡಲಲ್ಲಿ ಹಿಡಿದು, ಬೇಡವೆಂದು ಅಲ್ಲಿಯೇ ಎಸೆದ ಮೀನನ್ನು ಎಣಿಸುವವರಿಲ್ಲ. ಜಗತ್ತಿನಲ್ಲಿ ಹೀಗೆ ಎಸೆಯುವ ಮೀನು ವರ್ಷಕ್ಕೆ ಸುಮಾರು 91 ಲಕ್ಷ ಟನ್ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2019ರಲ್ಲಿ ಅಂದಾಜು ಕೊಟ್ಟಿತು. ಹಿಡಿದ ಒಟ್ಟು ಮೀನಿನಲ್ಲಿ ಅದು ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಯಾಕೆ ಎಸೆಯುತ್ತಾರೆ? ಮೀನು ಕಾನೂನು ಹೇಳಿದ ಅಳತೆಗಿಂತ ಚಿಕ್ಕದಿರಬಹುದು. ಆ ಜಾತಿಯ ಮೀನು ಹಿಡಿಯಲು ಆ ಬೋಟಿಗೆ ಇದ್ದ ಪಾಲು, ಅಂದರೆ ಕೋಟಾ, ಮುಗಿದಿರಬಹುದು. ಇರುವ ಕೋಟಾದಲ್ಲಿ ದೊಡ್ಡ ಮೀನನ್ನೇ ಮಾರೋಣ ಎಂದು ಚಿಕ್ಕದನ್ನು ಬಿಸಾಡಿರಬಹುದು. ಮೀನು ಮಾತ್ರ ಬಹುಪಾಲು ಸತ್ತೇ ಹೋಗಿರುತ್ತದೆ. ಇಷ್ಟು ಮೀನು ಸತ್ತಿತು ಎಂಬುದು ಗೊತ್ತಿಲ್ಲದೆ ವಿಜ್ಞಾನಿಗಳು ಮುಂದಿನ ವರ್ಷ ಎಷ್ಟು ಹಿಡಿಯಬಹುದು ಎಂದು ಲೆಕ್ಕ ಹಾಕಿದರೆ ಆ ಲೆಕ್ಕಕ್ಕೆ ಬೆಲೆ ಎಷ್ಟು?

ಬ್ರಿಟಿಷ್ ಕೊಲಂಬಿಯಾದ ಗಾಳದ ಬೋಟುಗಳಿಗೆ ಮುಖ್ಯ ಬೇಟೆ ಹ್ಯಾಲಿಬಟ್. ನಮ್ಮ ನಂಗಿನ ಬಳಗದ ಚಪ್ಪಟೆ ಮೀನು, ಗಾತ್ರದಲ್ಲಿ ಮಾತ್ರ ನಂಗು ಅದರ ಮುಂದೆ ಮರಿ. ಮೈಲುಗಟ್ಟಲೆ ಉದ್ದದ ಹಗ್ಗಕ್ಕೆ ಸಾಲುಸಾಲು ಗಾಳ ಕಟ್ಟಿ ತಳಕ್ಕೆ ಬಿಡುತ್ತಾರೆ. ಆದರೆ ಗಾಳಕ್ಕೆ ಹ್ಯಾಲಿಬಟ್ ಯಾವುದು, ಬೇರೆ ಮೀನು ಯಾವುದು ಎಂಬ ಭೇದವಿಲ್ಲ. ಅದಕ್ಕೆ ರಾಕ್‌ಫಿಶ್ ಎಂಬ, ಬಂಡೆಗಳ ನಡುವೆ ಬದುಕುವ ಮೀನುಗಳೂ ಸಿಕ್ಕಿಬೀಳುತ್ತವೆ. ಅವುಗಳಲ್ಲಿ ಯೆಲ್ಲೋಐ ಎಂಬುದು ಕಿತ್ತಳೆ ಮೈಯ, ಹಳದಿ ಕಣ್ಣಿನ ಮೀನು. ಅದು ನೂರು ವರ್ಷಕ್ಕಿಂತ ಹೆಚ್ಚು ಬದುಕಬಲ್ಲದು, ಮರಿ ಹಾಕುವ ವಯಸ್ಸಿಗೆ ಬರಲು ಅದಕ್ಕೆ ಹತ್ತಾರು ವರ್ಷ ಬೇಕು. ಆಳದಿಂದ ಮೇಲಕ್ಕೆ ಎಳೆದರೆ ಹೊಟ್ಟೆಯೊಳಗಿನ ಗಾಳಿಯ ಚೀಲ ಉಬ್ಬಿ, ಕಣ್ಣು ಹೊರಗೆ ಬಂದು, ಅದು ನೀರಿನ ಮೇಲೆ ತೇಲುತ್ತಿರುತ್ತದೆ. 'ಪಾಪ, ಬಿಟ್ಟುಬಿಡೋಣ' ಎಂದರೂ ಉಪಯೋಗವಿಲ್ಲ. ಇಂಥ ಮೀನಿನ ಸಂತತಿ ಕುಗ್ಗುತ್ತಿದೆ ಎಂದು ವಿಜ್ಞಾನಿಗಳು ಹೇಳುತ್ತಿದ್ದಾಗ, ಗಾಳದ ಬೋಟುಗಳು ಎಷ್ಟು ಹಿಡಿಯುತ್ತಿವೆ ಎಂದು ನಂಬಿಕೆಯಿಂದ ಹೇಳುವವರೇ ಇರಲಿಲ್ಲ.

ಕೆನಡಾ ಸರಕಾರ ಆಗ ಕಡ್ಡಿ ಮುರಿದಂತೆ ಹೇಳಿತು: ಸತ್ತ ಪ್ರತಿ ಮೀನಿಗೂ ಲೆಕ್ಕ ಬೇಕು. ದೊಡ್ಡ ಟ್ರಾಲ್ ಬೋಟುಗಳಲ್ಲಿ 1996ರಿಂದಲೇ ಹಿಡಿದದ್ದನ್ನು ನೋಡಿ ಬರೆದುಕೊಳ್ಳುವ ಒಬ್ಬ ವೀಕ್ಷಕ ಪ್ರತಿ ಪಯಣದಲ್ಲೂ ಇರಬೇಕೆಂಬ ನಿಯಮವಿತ್ತು. ಆದರೆ ಗಾಳದ ಬೋಟುಗಳು ಚಿಕ್ಕವು. ಇನ್ನೊಬ್ಬನಿಗೆ ಮಲಗಲು ಜಾಗವಿಲ್ಲ, ಅವನ ದಿನದ ಸಂಬಳ ಕೊಟ್ಟರೆ ಲಾಭ ಉಳಿಯುವುದಿಲ್ಲ. ಮೀನುಗಾರರೂ ಅಧಿಕಾರಿಗಳೂ ವರ್ಷಗಟ್ಟಲೆ ಒಂದೇ ಮೇಜಿನ ಸುತ್ತ ಕೂತು ಜಗಳಾಡಿ, ಒಪ್ಪಿ, 2006ರಲ್ಲಿ ಹೊಸ ಪದ್ಧತಿಗೆ ಬಂದರು. ಪ್ರತಿ ಬೋಟಿಗೂ ಕ್ಯಾಮೆರಾ. ಪ್ರತಿ ಬೋಟೂ ತಾನು ಕೊಂದ ಪ್ರತಿ ಜಾತಿಯ ಮೀನಿಗೂ ಕೋಟಾ ಹೊಂದಿರಬೇಕು. ಸಾಲದಿದ್ದರೆ ಇನ್ನೊಬ್ಬನಿಂದ ಕೊಳ್ಳಬೇಕು ಇಲ್ಲವೆ ಬಾಡಿಗೆಗೆ ಪಡೆಯಬೇಕು. ರಾಕ್‌ಫಿಶ್ ಎಸೆಯುವಂತಿಲ್ಲ, ದಡಕ್ಕೆ ತರಲೇಬೇಕು. ಬಂದರಿನಲ್ಲಿ ಎಲ್ಲ ಮೀನನ್ನೂ ಮೂರನೆಯವರು ತೂಗಿ ಬರೆದುಕೊಳ್ಳುತ್ತಾರೆ.

ಈ ಪದ್ಧತಿಯ ಜಾಣತನ ಇರುವುದು ಮುಂದಿನ ಮಾತಿನಲ್ಲಿ. ಅಲ್ಲಿ ಕ್ಯಾಮೆರಾ ಮೀನನ್ನು ಎಣಿಸುವುದಿಲ್ಲ. ಎಣಿಸುವವನು ಬೋಟಿನ ಕ್ಯಾಪ್ಟನ್, ನಮ್ಮಲ್ಲಿ ತಂಡೇಲ ಎನ್ನುತ್ತೇವಲ್ಲ, ಅವನು. ಪ್ರತಿ ಹಗ್ಗ ಎಳೆದಾಗ ಯಾವ ಮೀನು ಎಷ್ಟು ಬಂತು, ಎಷ್ಟು ಇಟ್ಟೆವು, ಎಷ್ಟು ಬಿಟ್ಟೆವು ಎಂದು ಅವನೇ ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ದಡದಲ್ಲಿ ವೀಡಿಯೋ ನೋಡುವವರು ಇಡೀ ಪಯಣವನ್ನು ನೋಡುವುದಿಲ್ಲ. ಹತ್ತರಲ್ಲಿ ಒಂದು ಪಾಲನ್ನು ಚೀಟಿ ಎತ್ತಿದಂತೆ ಆರಿಸಿಕೊಂಡು, ಅಷ್ಟನ್ನು ತಾವೇ ಎಣಿಸಿ, ಲಾಗ್‌ಬುಕ್ಕಿನ ಅದೇ ಪುಟದ ಜತೆ ತಾಳೆ ನೋಡುತ್ತಾರೆ. ತಾಳೆಯಾದರೆ ಕ್ಯಾಪ್ಟನ್ ಬರೆದದ್ದೇ ಅಧಿಕೃತ ಲೆಕ್ಕ. ತಾಳೆಯಾಗದಿದ್ದರೆ ಇಡೀ ವೀಡಿಯೋವನ್ನು ನೋಡುತ್ತಾರೆ, ಅದರ ಖರ್ಚು ಬೋಟಿನವನ ತಲೆಗೆ. ನಮ್ಮ ಸರಕಾರಿ ಬಸ್ಸಿಗೆ ಎಲ್ಲೋ ಒಂದು ಸ್ಟಾಪಿನಲ್ಲಿ ಚೆಕಿಂಗ್‌ನವರು ಹತ್ತಿ ಕಂಡಕ್ಟರನ ವೇಬಿಲ್ ನೋಡುತ್ತಾರಲ್ಲ, ಅದೇ ತರಹ. ಯಾವ ಸ್ಟಾಪಿನಲ್ಲಿ ಹತ್ತುತ್ತಾರೆ ಎಂಬುದು ಗೊತ್ತಿಲ್ಲದ್ದರಿಂದ ಕಂಡಕ್ಟರ್ ಎಲ್ಲ ಟಿಕೇಟನ್ನೂ ಸರಿಯಾಗಿಯೇ ಹರಿಯುತ್ತಾನೆ.

ಈ ಏರ್ಪಾಟಿನಲ್ಲಿ ಮೀನುಗಾರನ ಮಾತಿಗೆ ಬೆಲೆ ಬಂತು ಎಂಬುದು ನನ್ನ ಅಭಿಪ್ರಾಯ. ಮೊದಲು ಅವನು ಏನು ಹೇಳಿದರೂ 'ಇವರೆಲ್ಲ ಹೀಗೇ' ಎಂದು ತಳ್ಳಿಹಾಕುತ್ತಿದ್ದರು. ಈಗ ಅವನ ಪುಸ್ತಕವೇ ದಾಖಲೆ.

ಸಾಮಾನು ಹೇಗಿರುತ್ತದೆ ಎಂದು ಕೆಲವರಿಗೆ ಕುತೂಹಲ ಇರಬಹುದು. ಎರಡೋ ಮೂರೋ ನಾಲ್ಕೋ ಕ್ಯಾಮೆರಾಗಳು. ಒಂದು, ಹಗ್ಗ ಅಥವಾ ಬಲೆ ಮೇಲೆ ಬರುವ ಜಾಗಕ್ಕೆ. ಇನ್ನೊಂದು, ಮೀನು ಬೇರ್ಪಡಿಸುವ ಜಾಗಕ್ಕೆ. ಮತ್ತೊಂದು, ಬೋಟಿನ ಬದಿಯ ನೀರಿಗೆ, ಏನಾದರೂ ಎಸೆದರೆ ಕಾಣುವಂತೆ. ಇವೆಲ್ಲದರ ತಂತಿ ಕ್ಯಾಬಿನ್ನಿನಲ್ಲಿರುವ ಒಂದು ಪೆಟ್ಟಿಗೆಗೆ. ಜಿಪಿಎಸ್ ಜಾಗ ಹೇಳುತ್ತದೆ. ವಿಂಚ್ ತಿರುಗಿದ್ದನ್ನು ಸೆನ್ಸರ್ ಹೇಳುತ್ತದೆ. ಪಯಣ ಮುಗಿದ ಮೇಲೆ ಹಾರ್ಡ್ ಡಿಸ್ಕ್ ತೆಗೆದು ಕಳಿಸುತ್ತಾರೆ. ಇತ್ತೀಚಿನ ಕೆಲವು ಏರ್ಪಾಟುಗಳಲ್ಲಿ ಮೊಬೈಲ್ ಸಿಗ್ನಲ್ ಸಿಕ್ಕ ಕೂಡಲೇ ತಾನೇ ದಡಕ್ಕೆ ರವಾನೆಯಾಗುತ್ತದೆ. ಕ್ಯಾಮೆರಾದ ದೊಡ್ಡ ಶತ್ರು ಬಿರುಗಾಳಿಯಲ್ಲ, ಉಪ್ಪುನೀರು ಮತ್ತು ಮೀನಿನ ಲೋಳೆ. ದಿನಾ ಗಾಜು ಒರೆಸದಿದ್ದರೆ ಅದಕ್ಕೆ ಏನೂ ಕಾಣುವುದಿಲ್ಲ. ಒರೆಸುವ ಕೆಲಸ ಬೋಟಿನವರದೇ, ಹಾಗಾಗಿ 'ಒರೆಸಲು ಮರೆತೆವು' ಎಂಬ ನೆಪಕ್ಕೂ ನಿಯಮದಲ್ಲೇ ಉತ್ತರ ಬರೆದಿಡಬೇಕಾಗುತ್ತದೆ.

ಗಾಳದ ಹಗ್ಗದಲ್ಲಿ ಮೀನು ಒಂದೊಂದಾಗಿ ಬರುವುದರಿಂದ ಎಣಿಕೆ ಸುಲಭ. ಟ್ರಾಲ್ ಬಲೆಯಲ್ಲಿ ಒಂದೇ ಸಲಕ್ಕೆ ಟನ್‌ಗಟ್ಟಲೆ ಮೀನು ಡೆಕ್ಕಿಗೆ ಸುರಿದರೆ ಒಂದರ ಅಡಿಯಲ್ಲಿ ಇನ್ನೊಂದು ಅಡಗಿರುತ್ತದೆ. ಒಂದೇ ತರಹ ಕಾಣುವ ಎರಡು ಜಾತಿಯನ್ನು ವೀಡಿಯೋದಲ್ಲಿ ಬೇರ್ಪಡಿಸುವುದೂ ಕಷ್ಟ. ತೂಕ ನೇರವಾಗಿ ಸಿಗುವುದಿಲ್ಲ. ಉದ್ದ ಅಳೆದು ಅಂದಾಜು ಮಾಡಬೇಕು. ಮೀನಿನ ಕಿವಿಯೊಳಗಿನ ಸಣ್ಣ ಕಲ್ಲನ್ನು ಕೊಯ್ದು, ಮರದ ಉಂಗುರ ಎಣಿಸಿದಂತೆ ಅದರ ವಯಸ್ಸು ಎಣಿಸುವುದು ಕ್ಯಾಮೆರಾದಿಂದ ಆಗುವ ಕೆಲಸವಲ್ಲ. ಅದಕ್ಕೆ ಮನುಷ್ಯನೇ ಬೇಕು. ವೀಡಿಯೋ ನೋಡುವ ಕೆಲಸವನ್ನು ಈಗ ಕಂಪ್ಯೂಟರಿಗೆ ಕಲಿಸುವ ಪ್ರಯತ್ನ ನಡೆದಿದೆ. ಏನೂ ನಡೆಯದ ಗಂಟೆಗಳನ್ನು ಹಾರಿಸಿ, ಮೀನು ಬಂದ ಕ್ಷಣಗಳನ್ನು ಮುಂದಿಡುವ ಕೆಲಸ ಅದಕ್ಕೆ ಒಗ್ಗಿದೆ.

ಮನುಷ್ಯ ವೀಕ್ಷಕರ ಬಗ್ಗೆ ಒಂದು ಮಾತು. ಶಾಂತ ಸಾಗರದ ಪಶ್ಚಿಮ ಮತ್ತು ಮಧ್ಯ ಭಾಗದಲ್ಲಿ ಟ್ಯೂನಾ ಹಿಡಿಯುವ ಗಾಳದ ಹಡಗುಗಳಲ್ಲಿ ನೂರಕ್ಕೆ ಐದು ಪಾಲು ಮೀನುಗಾರಿಕೆಯ ಮೇಲೆ ವೀಕ್ಷಕರಿದ್ದರೆ ಸಾಕು ಎಂಬುದು ಅಲ್ಲಿನ ಅಂತರರಾಷ್ಟ್ರೀಯ ನಿಯಮ. ಉಳಿದ 95 ಪಾಲಿನಲ್ಲಿ ಏನು ನಡೆಯಿತೆಂದು ಹಡಗಿನವರು ಹೇಳಿದ್ದೇ ಗೊತ್ತು. ವೀಕ್ಷಕರ ಕೆಲಸ ಸುಖದ್ದಲ್ಲ. ತಿಂಗಳುಗಟ್ಟಲೆ ಒಬ್ಬಂಟಿ, ಸುತ್ತ ಇರುವವರೆಲ್ಲ ನೀನು ಬರೆಯುವುದು ಬೇಡವೆನ್ನುವವರು. 2020ರಲ್ಲಿ ಕಿರಿಬಾಸ್ ದ್ವೀಪದೇಶದ ಒಬ್ಬ ವೀಕ್ಷಕ ತೈವಾನಿನ ಟ್ಯೂನಾ ಹಡಗಿನಲ್ಲಿ ಸತ್ತುಬಿದ್ದಿದ್ದು ಆ ಭಾಗದಲ್ಲೆಲ್ಲ ದೊಡ್ಡ ಸುದ್ದಿಯಾಯಿತು. ಅದೇ ವರ್ಷ ಕೋವಿಡ್ ಬಂದು ವೀಕ್ಷಕರನ್ನು ಹಡಗು ಹತ್ತಿಸುವುದೇ ನಿಂತಿತು. ಕೆನಡಾದ ಟ್ರಾಲ್ ಬೋಟುಗಳೂ ಆಗ ಕ್ಯಾಮೆರಾಗೆ ಬದಲಾದವು.

ಇನ್ನು ನ್ಯೂಜಿಲೆಂಡಿನ ಕಥೆ. ಕ್ಯಾಮೆರಾ ಹಾಕುವುದು ಸುಲಭ, ಅದು ತೋರಿಸಿದ್ದನ್ನು ಏನು ಮಾಡುವುದು ಎಂಬುದೇ ಕಷ್ಟ ಎಂಬುದಕ್ಕೆ ಆ ದೇಶಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2012ರಲ್ಲಿ ದಕ್ಷಿಣ ದ್ವೀಪದ ಕೆಲವು ಬಲೆಯ ಬೋಟುಗಳಲ್ಲಿ ಕ್ಯಾಮೆರಾ ಇಟ್ಟು ಪರೀಕ್ಷೆ ಮಾಡಿದರು. ವೀಡಿಯೋದಲ್ಲಿ ಕಾನೂನಿಗೆ ವಿರುದ್ಧವಾಗಿ ಮೀನು ಎಸೆಯುವುದು ಕಣ್ಣಿಗೆ ಕಟ್ಟುವಂತೆ ಕಂಡಿತು. ಇಲಾಖೆ ಯಾರ ಮೇಲೂ ಕೇಸು ಹಾಕಲಿಲ್ಲ. 2016ರಲ್ಲಿ ಒಳಗಿನ ವರದಿ ಹೊರಗೆ ಬಂದು ಗದ್ದಲವಾಯಿತು. ಮೈಕಲ್ ಹೆರನ್ ಎಂಬ ಹಿರಿಯ ವಕೀಲರನ್ನು ವಿಚಾರಣೆಗೆ ನೇಮಿಸಿದರು. ಕೇಸು ಹಾಕದೆ ಬಿಟ್ಟ ತೀರ್ಮಾನದಲ್ಲಿ ದೋಷವಿತ್ತು ಎಂದು ಅವರು ಬರೆದರು. ಆಮೇಲೆ ಎಲ್ಲ ಬೋಟಿಗೂ ಕ್ಯಾಮೆರಾ ಎಂಬ ಘೋಷಣೆ, ಮುಂದೂಡಿಕೆ, ಮತ್ತೆ ಘೋಷಣೆ. 2019ರಲ್ಲಿ ಉತ್ತರ ದ್ವೀಪದ ಪಶ್ಚಿಮ ತೀರದಲ್ಲಿ, ಅಳಿವಿನ ಅಂಚಿಗೆ ಬಂದ ಮಾವಿ ಡಾಲ್ಫಿನ್ ಇರುವ ಜಾಗದಲ್ಲಿ, ಸುಮಾರು 20 ಬೋಟುಗಳಿಗೆ ಹಾಕಿದರು. 2023ರಿಂದ ಇತರ ಕಡೆಗೂ ಹಬ್ಬಿಸಿದರು.

ಆಗ ಏನಾಯಿತು? ಕ್ಯಾಮೆರಾ ಬಂದ ಮೇಲೆ ಡಾಲ್ಫಿನ್ ಬಲೆಗೆ ಸಿಕ್ಕಿದ ವರದಿಗಳು ಹಿಂದಿಗಿಂತ ಸುಮಾರು ಏಳು ಪಟ್ಟಾದವು. ಆಲ್ಬಟ್ರಾಸ್ ಎಂಬ ದೊಡ್ಡ ಕಡಲ ಹಕ್ಕಿ ಸಿಕ್ಕಿದ ವರದಿ ಮೂರೂವರೆ ಪಟ್ಟು. ಎಸೆದ ಮೀನಿನ ವರದಿ ಹೆಚ್ಚುಕಡಿಮೆ ಅರ್ಧದಷ್ಟು ಏರಿತು. ಇವು ಅಲ್ಲಿನ ಮೀನುಗಾರಿಕೆ ಇಲಾಖೆಯೇ ಕೊಟ್ಟ ಅಂಕಿಗಳು. ಡಾಲ್ಫಿನ್ನುಗಳು ಇದ್ದಕ್ಕಿದ್ದಂತೆ ಹೆಚ್ಚು ಸಾಯತೊಡಗಿದವು ಎಂದು ಯಾರೂ ತಿಳಿಯಬಾರದು. ಹಿಂದೆ ಬರೆಯದೆ ಬಿಡುತ್ತಿದ್ದುದನ್ನು ಈಗ ಬರೆಯುತ್ತಿದ್ದಾರೆ. ಆಸ್ಟ್ರೇಲಿಯಾದ ಪೂರ್ವ ತೀರದ ಟ್ಯೂನಾ ಬೋಟುಗಳಿಗೆ 2015ರ ಜುಲೈಯಿಂದ ಕ್ಯಾಮೆರಾ ಕಡ್ಡಾಯವಾದಾಗಲೂ ಲಾಗ್‌ಬುಕ್ಕುಗಳಲ್ಲಿ ಎಸೆದ ಮೀನಿನ ಸಂಖ್ಯೆ ಹೀಗೆಯೇ ಮೇಲೇರಿತ್ತು.

ಕ್ಯಾಮೆರಾ ಎಂದರೆ ನ್ಯೂಜಿಲೆಂಡಿನ ಮೀನುಗಾರರಿಗೆ ಸಿಟ್ಟು, ಅದಕ್ಕೂ ಕಾರಣವಿದೆ. ಬೋಟೆಂದರೆ ಅವರಿಗೆ ಕೆಲಸದ ಜಾಗವೂ ಹೌದು, ಮನೆಯೂ ಹೌದು. ಉಣ್ಣುವುದು, ಮೀಯುವುದು, ಜಗಳಾಡುವುದು ಎಲ್ಲ ಅಲ್ಲಿಯೇ. ವೀಡಿಯೋ ಯಾರ ಕೈಗೆ ಹೋಗುತ್ತದೆ? ಎಷ್ಟು ದಿನ ಇಡುತ್ತಾರೆ? ಮಾಹಿತಿ ಹಕ್ಕಿನಡಿ ಯಾರೋ ಪಡೆದು ಟಿವಿಯಲ್ಲಿ ಹಾಕಿದರೆ? ತಾನು ಯಾವ ಜಾಗದಲ್ಲಿ ಹಿಡಿಯುತ್ತೇನೆ ಎಂಬ ಗುಟ್ಟು ಪಕ್ಕದವನಿಗೆ ಗೊತ್ತಾದರೆ? ಅಲ್ಲಿನ ಮೀನುಗಾರಿಕೆ ಸಚಿವ ಶೇನ್ ಜೋನ್ಸ್ 2025ರಲ್ಲಿ ಈ ವೀಡಿಯೋಗಳನ್ನು ಮಾಹಿತಿ ಕಾಯ್ದೆಯಿಂದ ಹೊರಗಿಡುವ ಪ್ರಸ್ತಾಪ ತಂದರು. ಪರಿಸರವಾದಿಗಳು ವಿರೋಧಿಸಿದರು. ಮೀನುಗಾರನ ಮುಖ ಕಾಣುವ ವೀಡಿಯೋ ಬೀದಿಗೆ ಬರಬೇಕಾಗಿಲ್ಲ; ಆದರೆ ಅದರಿಂದ ಬಂದ ಲೆಕ್ಕ ಎಲ್ಲರಿಗೂ ಸಿಗಬೇಕು. ಇಷ್ಟು ಮಾಡಿದರೆ ಇಬ್ಬರಿಗೂ ನ್ಯಾಯ ಎಂದು ನನಗೆ ತೋರುತ್ತದೆ.

ಬಲವಂತದ ಬದಲು ಆಸೆ ತೋರಿಸಿ ಕ್ಯಾಮೆರಾ ಹತ್ತಿಸಿದವರೂ ಇದ್ದಾರೆ. 2008ರಿಂದ ಡೆನ್ಮಾರ್ಕಿನಲ್ಲಿ, ಬಳಿಕ ಸ್ಕಾಟ್ಲೆಂಡಿನಲ್ಲಿ, ಕ್ಯಾಮೆರಾ ಹಾಕಿಸಿಕೊಂಡು ಹಿಡಿದ ಕಾಡ್ ಮೀನನ್ನೆಲ್ಲ ದಡಕ್ಕೆ ತರುವ ಬೋಟಿಗೆ ಹೆಚ್ಚುವರಿ ಕೋಟಾ ಕೊಟ್ಟರು. ಬೋಟಿನವರು ತಾವಾಗಿಯೇ ಬಂದರು. ಇನ್ನು ಯುರೋಪಿನ ಒಕ್ಕೂಟ 2023ರ ಕಾನೂನಿನಲ್ಲಿ, 18 ಮೀಟರ್ ಅಥವಾ ಅದಕ್ಕಿಂತ ಉದ್ದದ, ನಿಯಮ ಮುರಿಯುವ ಸಂಭವ ಹೆಚ್ಚಿರುವ ಬೋಟುಗಳಿಗೆ 2028ರಿಂದ ಕ್ಯಾಮೆರಾ ಕಡ್ಡಾಯ ಮಾಡಿದೆ.

ಇಷ್ಟು ಕೇಳಿದ ಮೇಲೆ ಮಲ್ಪೆಯಲ್ಲೋ ಮಂಗಳೂರಿನ ಧಕ್ಕೆಯಲ್ಲೋ ಕುಳಿತು ಕೇಳುತ್ತಿರುವವರು, 'ನಾಳೆ ನಮಗೂ ಹಾಕುತ್ತಾರಾ?' ಎಂದು ಕೇಳುವುದು ಸಹಜ. ನಮ್ಮ ಬೋಟುಗಳಿಗೆ ಈಗ ಬರುತ್ತಿರುವುದು ಟ್ರಾನ್ಸ್‌ಪಾಂಡರ್. ಇಸ್ರೋ ತಂತ್ರಜ್ಞಾನದ, ಉಪಗ್ರಹದ ಮೂಲಕ ಬೋಟಿನ ಜಾಗ ತಿಳಿಸುವ, ಬಿರುಗಾಳಿಯ ಎಚ್ಚರಿಕೆ ಕೊಡುವ ಉಪಕರಣ. ದೇಶದಲ್ಲಿ ಒಂದು ಲಕ್ಷ ಬೋಟುಗಳಿಗೆ ಅದನ್ನು ಹಾಕುವ ಯೋಜನೆಗೆ 2024ರಲ್ಲಿ ಚಾಲನೆ ಸಿಕ್ಕಿತು. ಜೀವ ಉಳಿಸುವ ಸಾಮಾನು ಅದು, ಬೇಡವೆನ್ನಲು ಕಾರಣವಿಲ್ಲ. ಬೋಟು ಎಲ್ಲಿದೆ ಎಂದು ಅದು ಹೇಳುತ್ತದೆ, ಬಲೆಯಲ್ಲಿ ಏನಿದೆ ಎಂದು ಹೇಳುವುದಿಲ್ಲ.

ಕೆನಡಾದ ಪದ್ಧತಿಯನ್ನು ಹಾಗೆಯೇ ಇಲ್ಲಿಗೆ ತರಲು ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಬೋಟಿಗಿಷ್ಟು ಮೀನು ಎಂಬ ಕೋಟಾ ಇಲ್ಲ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ನಾವು ಕಾಲ, ಜಾಗ, ಬಲೆ ಇವುಗಳ ಮೇಲೆ ಕಟ್ಟುಪಾಡು ಇಟ್ಟವರು. ಜೂನ್, ಜುಲೈ ಎರಡು ತಿಂಗಳ ರಜೆ ಎಲ್ಲರಿಗೂ ಗೊತ್ತು. ಎಷ್ಟು ಮೀನು ಬಂತು ಎಂಬ ಅಂದಾಜನ್ನು ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಬಂದರುಗಳಿಗೆ ಬಂದು, ಕೆಲವು ಬೋಟುಗಳ ಮೀನು ನೋಡಿ ತಯಾರಿಸುತ್ತಾರೆ. ಇನ್ನೊಂದು ವ್ಯತ್ಯಾಸ ಇನ್ನೂ ದೊಡ್ಡದು. ಅವರ ತೊಂದರೆ ಎಸೆಯುವುದು, ನಮ್ಮ ತೊಂದರೆ ತರುವುದು. ಇಲ್ಲಿ ಬಂಗುಡೆಯ ಮರಿ, ಅಡಿಕೆ ಗಾತ್ರದ ಏಡಿ, ಹೆಸರು ಹೇಳಲಾಗದ ಪುಡಿಮೀನು ಎಲ್ಲವೂ ಮೀನಿನ ಪುಡಿ ಮಾಡುವ ಫಿಶ್‌ಮಿಲ್ಲಿಗೆ ಮಾರಾಟವಾಗುವುದರಿಂದ ಕಡಲಿಗೆ ಎಸೆಯುವ ಅಗತ್ಯ ಕಡಿಮೆ. ಅದು ಹಾಡುಹಗಲಲ್ಲಿ ಧಕ್ಕೆಯಲ್ಲಿಯೇ ಇಳಿಯುತ್ತದೆ. ಅದನ್ನು ನೋಡಲು ಕಡಲಿಗೆ ಕ್ಯಾಮೆರಾ ಕಳಿಸಬೇಕಾಗಿಲ್ಲ. ನೋಡುವ ಮನಸ್ಸಿರುವ ಒಬ್ಬ ಅಧಿಕಾರಿ ಬೆಳಿಗ್ಗೆ ಐದಕ್ಕೆ ಧಕ್ಕೆಗೆ ಬಂದರೆ ಸಾಕು.

ಆದರೆ ಧಕ್ಕೆಯಲ್ಲಿ ಕಾಣದ ಸಂಗತಿಗಳೂ ಇವೆ. ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದನ್ನೂ ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲಿಂಗನ್ನೂ 2017ರಲ್ಲೇ ನಿಷೇಧಿಸಿದ್ದಾರೆ. ನಾಡದೋಣಿಯವರ ದೂರು ಮಾತ್ರ ನಿಂತಿಲ್ಲ. ಯಾರು ಮಾಡಿದರು ಎಂದು ಕೇಳಿದರೆ ಹೆಕೇಟ್ ಜಲಸಂಧಿಯ ಹಾಗೆಯೇ, ಎಲ್ಲರಿಗೂ ಎಲ್ಲರ ಮೇಲೂ ಗುಮಾನಿ. ಬಲೆಗೆ ಸಿಕ್ಕ ಆಮೆಯ ಮಾತು ಇನ್ನೊಂದು. ಆಮೆ ಪಾರಾಗಿ ಹೋಗುವ ಸಾಧನ ನಮ್ಮ ಟ್ರಾಲ್ ಬಲೆಗಳಲ್ಲಿಲ್ಲ ಎಂಬ ಕಾರಣಕ್ಕೆ ಅಮೆರಿಕ ಕೆಲವು ವರ್ಷಗಳ ಹಿಂದೆಯೇ ಭಾರತದ ಕಡಲ ಸೀಗಡಿಗೆ ಬಾಗಿಲು ಮುಚ್ಚಿತು. ನಮ್ಮ ಬೋಟುಗಳಿಗೆ ಎಷ್ಟು ಆಮೆ ಸಿಗುತ್ತದೆ, ಎಷ್ಟನ್ನು ಜೀವಸಹಿತ ಬಿಡುತ್ತಾರೆ ಎಂದು ತೋರಿಸುವ ದಾಖಲೆ ಕೈಯಲ್ಲಿದ್ದರೆ ವಾದಿಸಲು ಒಂದು ನೆಲೆಯಾದರೂ ಇರುತ್ತಿತ್ತು.

ಹಾಗಾಗಿ ನಮ್ಮ ಇಲಾಖೆಯವರಿಗೆ ನನ್ನ ಕೋರಿಕೆ ಇಷ್ಟು. ಕ್ಯಾಮೆರಾ ಕೊಳ್ಳುವ ಟೆಂಡರಿಗೆ ಮೊದಲು ತಂಡೇಲರ ಕೈಗೆ ಒಂದು ಸರಳ ಪುಸ್ತಕ ಕೊಡಿ, ಬಂಗುಡೆ, ಬೂತಾಯಿ, ಅಂಜಲ್ ಎಂದು ಅವರು ಕರೆಯುವ ಹೆಸರಿನಲ್ಲಿಯೇ. ಬರೆದದ್ದನ್ನು ಅವರ ಮೇಲೆ ಕೇಸು ಹಾಕಲು ಬಳಸುವುದಿಲ್ಲ ಎಂಬ ಭರವಸೆಯನ್ನು ಕೆಲವು ವರ್ಷಕ್ಕಾದರೂ ಕೊಡಿ. ಬರೆಯುವ ರೂಢಿ ಬಂದ ಮೇಲೆ, ಬೇಕೆನ್ನುವ ನಾಲ್ಕಾರು ಬೋಟುಗಳಿಗೆ ಸರಕಾರದ ಖರ್ಚಿನಲ್ಲಿಯೇ ಕ್ಯಾಮೆರಾ ಹಾಕಿ ನೋಡಿ. ಮೀನುಗಾರ ಸಂಘದವರಿಗೂ ಒಂದು ಮಾತು: ಯಾರೋ ದೆಹಲಿಯಲ್ಲಿ ನಿಯಮ ಬರೆದು ಕಳಿಸುವ ತನಕ ಕಾಯಬೇಡಿ. ವೀಡಿಯೋ ಯಾರದು, ಯಾರು ನೋಡಬೇಕು, ಖರ್ಚು ಯಾರದು ಎಂಬ ಮೂರು ಪ್ರಶ್ನೆಗೆ ನಿಮ್ಮ ಉತ್ತರವನ್ನು ನಿಮ್ಮ ಮಹಾಸಭೆಯಲ್ಲಿ ಈಗಲೇ ಚರ್ಚಿಸಿ, ಬರೆದು ಇಟ್ಟುಕೊಳ್ಳಿ.